ಎರಡು ರೂಪಾಯಿಗೆ ಮಾರಾಟವಾದ ಕೊಲೆ

ಟಿವಿ ಹಾಕಿದರೆ ಯಾವುದೋ ಕೊಲೆಯ ಗ್ರಾಫಿಕ್ಸು, ಮೊಬೈಲ್ ತೆಗೆದರೆ ಯಾವ ನಟಿ ಯಾರ ಜೊತೆ ಎಲ್ಲಿಗೆ ಹೋದಳು ಅನ್ನೋ ಸುದ್ದಿ. ಸಾಕಪ್ಪಾ ಸಾಕು ಅನ್ನಿಸುತ್ತೆ. ಇದನ್ನು ಬಾಯಿಬಿಟ್ಟು ಹೇಳಿದರೆ ಪಕ್ಕದಲ್ಲಿದ್ದ ಹಿರಿಯರೊಬ್ಬರು ತಪ್ಪದೇ ಅನ್ನುತ್ತಾರೆ: "ನಮ್ಮ ಕಾಲದಲ್ಲಿ ಪೇಪರುಗಳು ಹೀಗಿರಲಿಲ್ಲ ಕಣ್ರೀ." ಹೌದಾ? ಹಾಗಾದರೆ 1959ರ ಬೊಂಬಾಯಿಗೆ ಒಮ್ಮೆ ಹೋಗಿ ಬರೋಣ. ಆ ಊರಿಗೆ ಟಿವಿ ಬರೋದಕ್ಕೆ ಇನ್ನೂ 13 ವರ್ಷ ಬಾಕಿ ಇತ್ತು.

ಕಾವಸ್ ಮಾಣೆಕ್‌ಷಾ ನಾನಾವತಿ ನೌಕಾದಳದ ಕಮಾಂಡರ್. ನಮ್ಮ ಮೈಸೂರಿನ ಹೆಸರು ಹೊತ್ತ 'ಐಎನ್‌ಎಸ್ ಮೈಸೂರು' ಹಡಗಿನಲ್ಲಿ ಎರಡನೇ ಸ್ಥಾನದ ಅಧಿಕಾರಿ. ಹೆಂಡತಿ ಸಿಲ್ವಿಯಾ ಇಂಗ್ಲೆಂಡಿನವಳು. ಮೂರು ಮಕ್ಕಳು. 1959ರ ಏಪ್ರಿಲ್ 27ರಂದು ಸಿಲ್ವಿಯಾ, ಪ್ರೇಮ್ ಅಹುಜಾ ಎಂಬ ಕಾರು ವ್ಯಾಪಾರಿಯ ಜೊತೆ ತನಗಿದ್ದ ಸಂಬಂಧವನ್ನು ಗಂಡನ ಮುಂದೆ ಒಪ್ಪಿಕೊಂಡಳು. ನಾನಾವತಿ ಹೆಂಡತಿ ಮಕ್ಕಳನ್ನು ಸಿನಿಮಾಕ್ಕೆ ಬಿಟ್ಟು, ಹಡಗಿಗೆ ಹೋಗಿ, ಸುಳ್ಳು ಕಾರಣ ಹೇಳಿ ರಿವಾಲ್ವರು ಮತ್ತು ಆರು ಗುಂಡು ತೆಗೆದುಕೊಂಡರು. ಅಹುಜಾನನ್ನು ಮೊದಲು ಆಫೀಸಿನಲ್ಲಿ ಹುಡುಕಿ, ಆಮೇಲೆ ಮನೆಗೆ ಹೋದರು. ಸ್ನಾನ ಮುಗಿಸಿ ಟವೆಲ್ಲಿನಲ್ಲಿದ್ದ ಅಹುಜಾ ಗುಂಡೇಟಿಗೆ ಸತ್ತ. ನಾನಾವತಿ ತಾವಾಗಿಯೇ ಹೋಗಿ ಪೊಲೀಸರಿಗೆ ಶರಣಾದರು.

ಮುಂದಿನ ಕೆಲಸವನ್ನು 'ಬ್ಲಿಟ್ಜ್' ವಾರಪತ್ರಿಕೆ ವಹಿಸಿಕೊಂಡಿತು. ಅದರ ಸಂಪಾದಕ ರೂಸಿ ಕರಂಜಿಯಾ. ಪತ್ರಿಕೆ ಬರೆದ ಕತೆಯಲ್ಲಿ ನಾನಾವತಿ ಶ್ರೀರಾಮಚಂದ್ರ, ಅಹುಜಾ ದುಡ್ಡಿನ ಮದದ ರಸಿಕ. 25 ಪೈಸೆಯ ಪತ್ರಿಕೆ ಬೀದಿಯಲ್ಲಿ ಎರಡು ರೂಪಾಯಿಗೆ ಹೋಯಿತು ಅಂತ ಆ ಕಾಲವನ್ನು ನೆನೆಯುವವರು ಹೇಳುತ್ತಾರೆ. ಫುಟ್‌ಪಾತಿನವರು 'ನಾನಾವತಿ ರಿವಾಲ್ವರ್' ಆಟಿಕೆ ಮತ್ತು 'ಅಹುಜಾ ಟವೆಲ್' ಕೂಗಿ ಕೂಗಿ ಮಾರಿದರಂತೆ. ನಾನಾವತಿ ಪಾರ್ಸಿ, ಅಹುಜಾ ಸಿಂಧಿ. ಎರಡು ಸಮುದಾಯಗಳೂ ತಮ್ಮ ತಮ್ಮವರ ಪರ ನಿಂತವು.

ಈ ಗಲಾಟೆಯಲ್ಲಿ ಯಾರಿಗೂ ಬೇಡವಾದ ಸಂಗತಿಯೊಂದಿದೆ. ಬೀದಿಯ ಜನ ನಾನಾವತಿಯನ್ನು ಮೆಚ್ಚಿದ್ದು ಮಾನಕ್ಕಾಗಿ ಕೊಂದ ಗಂಡಸು ಅಂತ. ಆದರೆ ಕೋರ್ಟಿನಲ್ಲಿ ಅವರ ವಕೀಲರು ಹೇಳಿದ್ದೇ ಬೇರೆ: ಕೊಲ್ಲುವ ಉದ್ದೇಶ ಇರಲಿಲ್ಲ, ಇಬ್ಬರ ಕಿತ್ತಾಟದಲ್ಲಿ ಗುಂಡು ಆಕಸ್ಮಿಕವಾಗಿ ಹಾರಿತು. ವಕೀಲರ ಮಾತು ನಿಜವಾದರೆ ಅಲ್ಲಿ ಕೊಲೆಯೇ ಇಲ್ಲ, ಹೀರೋನೂ ಇಲ್ಲ. ಬೀದಿಯ ಮಾತು ನಿಜವಾದರೆ ಹೀರೋ ಅಪರಾಧಿ. ಎರಡೂ ಒಟ್ಟಿಗೆ ನಿಜವಾಗೋಕೆ ಸಾಧ್ಯವಿಲ್ಲ. ಆದರೂ ಜನ ಎರಡನ್ನೂ ಒಟ್ಟಿಗೆ ನುಂಗಿದರು.

ಜ್ಯೂರಿ 8-1ರ ಬಹುಮತದಿಂದ 'ನಿರ್ದೋಷಿ' ಅಂದಿತು. ಸೆಷನ್ಸ್ ನ್ಯಾಯಾಧೀಶರು ಅದನ್ನು ಒಪ್ಪದೆ ಪ್ರಕರಣವನ್ನು ಹೈಕೋರ್ಟಿಗೆ ಕಳಿಸಿದರು. 1960ರ ಮಾರ್ಚಿನಲ್ಲಿ ಹೈಕೋರ್ಟು ಜೀವಾವಧಿ ಶಿಕ್ಷೆ ವಿಧಿಸಿತು. 1961ರ ನವೆಂಬರ್ 24ರಂದು ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿಯಿತು. ಕೋರ್ಟಿನ ಲೆಕ್ಕ ಸರಳ: ಮಧ್ಯಾಹ್ನ ಒಂದೂವರೆಗೆ ಮನೆ ಬಿಟ್ಟವರು ಗುಂಡು ಹಾರಿಸಿದ್ದು 4.20ಕ್ಕೆ. ನಡುವೆ ಹತ್ತಿರ ಹತ್ತಿರ ಮೂರು ಗಂಟೆ ಇತ್ತು. ಸಿಟ್ಟು ಇಳಿಯೋಕೆ, ಬುದ್ಧಿ ಮರಳೋಕೆ ಅಷ್ಟು ಸಾಕು. ಇನ್ನು ಆ ಟವೆಲ್? ಹೊಡೆದಾಟ ನಡೆದಿದ್ದರೆ ಅದು ಸಡಿಲವಾಗಬೇಕಿತ್ತು, ಬಿದ್ದುಹೋಗಬೇಕಿತ್ತು. ಹೆಣದ ಮೇಲೆ ಅದು ಸುತ್ತಿದ ಹಾಗೇ ಇತ್ತು. ಬೀದಿಯಲ್ಲಿ ತಮಾಷೆಯಾಗಿ ಮಾರಾಟವಾದ ಟವೆಲ್ಲು, ಹೀರೋನ ವಿರುದ್ಧದ ದೊಡ್ಡ ಸಾಕ್ಷಿ!

ಈ ಕೇಸಿನಿಂದಲೇ ಭಾರತದಲ್ಲಿ ಜ್ಯೂರಿ ಪದ್ಧತಿ ನಿಂತಿತು, ಇದೇ ಕೊನೆಯ ಜ್ಯೂರಿ ವಿಚಾರಣೆ ಅಂತ ಈಗಲೂ ಬರೆಯುತ್ತಾರೆ. ಅದು ಸರಿಯಲ್ಲ. ಕಾನೂನು ಆಯೋಗ 1958ರಲ್ಲೇ ಜ್ಯೂರಿ ಬೇಡ ಅಂದಿತ್ತು. ನಾನಾವತಿ ಆದಮೇಲೂ ಕೆಲವು ಕಡೆ ಜ್ಯೂರಿ ವಿಚಾರಣೆಗಳು ನಡೆದವು. 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಅದಕ್ಕೆ ಜಾಗ ಸಿಗಲಿಲ್ಲ. ಆದರೆ ಆಯೋಗದ ವರದಿಯನ್ನು ಯಾರು ಕೇಳುತ್ತಾರೆ? ರೋಚಕ ಸುದ್ದಿ ತನ್ನ ಬಗ್ಗೆ ತಾನೇ ಒಂದು ರೋಚಕ ಇತಿಹಾಸ ಬರೆದುಕೊಂಡುಬಿಡುತ್ತೆ.

1964ರಲ್ಲಿ ರಾಜ್ಯಪಾಲೆ ವಿಜಯಲಕ್ಷ್ಮಿ ಪಂಡಿತ್ ನಾನಾವತಿಗೆ ಕ್ಷಮಾದಾನ ಕೊಟ್ಟರು. ಜೊತೆಗೇ ಭಾಯಿ ಪ್ರತಾಪ್ ಎಂಬ ಸಿಂಧಿ ವ್ಯಾಪಾರಿಗೂ ಕ್ಷಮೆ ಸಿಕ್ಕಿತು. ಯಾವ ಸಮುದಾಯವೂ ಮುನಿಸಿಕೊಳ್ಳಬಾರದಲ್ಲ! ಸತ್ತವನ ಸಹೋದರಿ ಮಾಮಿ ಅಹುಜಾ ಕ್ಷಮೆಗೆ ತಮ್ಮ ಅಡ್ಡಿಯಿಲ್ಲ ಅಂತ ಬರೆದುಕೊಟ್ಟರು. ನಾನಾವತಿ ಹೆಂಡತಿ ಮಕ್ಕಳೊಂದಿಗೆ ಕೆನಡಾಕ್ಕೆ ಹೋದರು. 2003ರಲ್ಲಿ ತೀರಿಕೊಂಡರು.

ಕತೆ ಮಾತ್ರ ಇಲ್ಲೇ ಉಳಿಯಿತು. 1963ರಲ್ಲಿ 'ಯೇ ರಾಸ್ತೇ ಹೈಂ ಪ್ಯಾರ್ ಕೇ', 1973ರಲ್ಲಿ 'ಅಚಾನಕ್', 2016ರಲ್ಲಿ 'ರುಸ್ತುಂ', ಆಮೇಲೆ ವೆಬ್ ಸರಣಿಯೂ ಬಂತು. ಪ್ರತಿ ಸಲವೂ ನಡುವೆ ನಿಂತವನು ಯೂನಿಫಾರ್ಮಿನ ಗಂಡ. ಒಡಹುಟ್ಟಿದವನನ್ನು ಕಳಕೊಂಡು, ಅವನ ಮಾನವನ್ನೂ ಬೀದಿಯಲ್ಲಿ ಹರಾಜಾಗಿ ನೋಡಿ, ಕೊನೆಗೆ ಸಹಿ ಹಾಕಿದ ಸಹೋದರಿಯ ಕತೆಯನ್ನು ನಡುವೆ ಇಟ್ಟು ಯಾರೂ ಹೇಳಿದ ಹಾಗಿಲ್ಲ.

ಆದ್ದರಿಂದ ನಮ್ಮ ಬೇಸರಕ್ಕೆ ಚಾನೆಲ್ಲುಗಳೊಂದೇ ಕಾರಣ ಅನ್ನೋದನ್ನು ನಾನು ಪೂರ್ತಿ ನಂಬಲ್ಲ. ಕರಂಜಿಯಾ ಅಚ್ಚು ಹಾಕಿದರು, ನಿಜ. ಆದರೆ ಎರಡು ರೂಪಾಯಿ ಕೊಟ್ಟು ಕೊಂಡವರು ನಮ್ಮ ಅಜ್ಜ ಅಜ್ಜಿಯಂಥವರೇ. ಸತ್ತವನಿಗೆ ಬಾಯಿಲ್ಲ, ಅವನ ಮನೆಯವರಿಗೆ ಪತ್ರಿಕೆಯಿಲ್ಲ. ಹಾಗಿರುವಾಗ ಹೀರೋನನ್ನು ಹುಡುಕುವುದು ಬಲು ಸುಲಭ. ನಾಳೆ ಇನ್ನೊಂದು ಪ್ರಕರಣ ಬರುತ್ತೆ, ಇನ್ನೊಬ್ಬ ಹೀರೋಗೆ ಜೈಕಾರ ಬೀಳುತ್ತೆ. ಆಗ ಒಂದೇ ಒಂದು ಪ್ರಶ್ನೆ ಕೇಳಿ ನೋಡಿ: ಸತ್ತವರ ಮನೆಯಲ್ಲಿ ಈಗ ಯಾರಿದ್ದಾರೆ?