ಯುನಿಕ್ಸ್ ಮಾದರಿಯ ವ್ಯವಸ್ಥೆಗಳಲ್ಲಿ ಪಠ್ಯ ಸಂಪಾದಕದ ಆಯ್ಕೆ

ಪಠ್ಯ ಸಂಪಾದಕ ಎಂಬುದು ಸರಳ ಪಠ್ಯವನ್ನು ಬರೆಯಲು ಹಾಗೂ ತಿದ್ದಲು ಬಳಸುವ ತಂತ್ರಾಂಶ. ಲಿನಕ್ಸ್ ಮೊದಲಾದ ಯುನಿಕ್ಸ್ ಮಾದರಿಯ ಕಾರ್ಯಾಚರಣಾ ವ್ಯವಸ್ಥೆಗಳಲ್ಲಿ ಹೆಚ್ಚಿನ ಸಂರಚನಾ ಕಡತಗಳು ಪಠ್ಯರೂಪದಲ್ಲಿಯೇ ಇರುವುದರಿಂದ ಹೊಸ ಬಳಕೆದಾರರಿಗೂ ಇದು ಅಗತ್ಯ.

ಟರ್ಮಿನಲ್‌ನಲ್ಲಿ ನಡೆಯುವ ನ್ಯಾನೊ ಮುಖ್ಯ ಆದೇಶಗಳನ್ನು ಪರದೆಯ ಕೆಳಭಾಗದಲ್ಲಿ ತೋರಿಸುವುದರಿಂದ ಕಲಿಯಲು ಸುಲಭ. ಬಿಲ್ ಜಾಯ್ 1976ರಲ್ಲಿ ರಚಿಸಿದ ವಿಐ ಮತ್ತು ಅದನ್ನು ಅನುಸರಿಸಿ 1991ರಲ್ಲಿ ಬಿಡುಗಡೆಯಾದ ವಿಮ್‌ಗಳಲ್ಲಿ ಆದೇಶದ ಸ್ಥಿತಿ ಹಾಗೂ ಬರವಣಿಗೆಯ ಸ್ಥಿತಿ ಬೇರೆ ಬೇರೆ. ಬರೆಯಲು ‘ಐ’ ಕೀಲಿಯನ್ನು, ಆದೇಶಕ್ಕೆ ಮರಳಲು ಎಸ್ಕೇಪ್ ಕೀಲಿಯನ್ನು ಒತ್ತಬೇಕು. ವಿಐ ಬಹುತೇಕ ಎಲ್ಲ ವ್ಯವಸ್ಥೆಗಳಲ್ಲಿ ದೊರೆಯುವುದರಿಂದ ಅದರ ಪ್ರಾಥಮಿಕ ಪರಿಚಯ ಉಪಯುಕ್ತ.

ಅನೇಕ ಟರ್ಮಿನಲ್‌ಗಳಲ್ಲಿ ‘ಚಿತ್ರದುರ್ಗ’ದಂತಹ ಪದಗಳ ಒತ್ತಕ್ಷರಗಳು ಒಡೆದು ಕಾಣುತ್ತವೆ. ಇದು ಪ್ರದರ್ಶನದ ದೋಷವಷ್ಟೇ. ಕಡತದ ಪಠ್ಯ ಕೆಟ್ಟಿರುವುದಿಲ್ಲ. ಆದ್ದರಿಂದ ಕನ್ನಡ ಬರವಣಿಗೆಗೆ ಜಿಎಡಿಟ್, ಕೇಟ್ ಮುಂತಾದ ಚಿತ್ರಾತ್ಮಕ ಸಂಪಾದಕಗಳು ಹೆಚ್ಚು ಸೂಕ್ತ.