ಲಿಂಗಮುದ್ರೆಯ ಕಂಬಗಳು: ಕೃತಿಭಂಗವೋ ಪ್ರದರ್ಶನವೋ ಎಂಬ ಪ್ರಶ್ನೆಗೆ ಎರಡು ಶಾಸನಗಳು

ಮುಂಬಯಿಯ ಜೋಗೇಶ್ವರಿ ಉಪನಗರಕ್ಕೆ ಆ ಹೆಸರು ಬಂದದ್ದು ಅಲ್ಲಿಯ ಗುಹಾಲಯದಿಂದ. ರೈಲುಮಾರ್ಗದ ಪೂರ್ವಕ್ಕೆ, ವೆಸ್ಟರ್ನ್ ಎಕ್ಸ್‌ಪ್ರೆಸ್ ಹೆದ್ದಾರಿಗೆ ಅನತಿದೂರದಲ್ಲಿ, ಕಿಕ್ಕಿರಿದ ಮನೆಗಳ ನಡುವೆ ಮೆಟ್ಟಿಲಿಳಿದು ಹೋದರೆ ವಿಶಾಲವಾದ ಕಂಬಸಾಲಿನ ಮಂಟಪವೂ ಅದರ ನಡುವೆ ಗರ್ಭಗೃಹವೂ ಕಾಣಸಿಗುತ್ತವೆ. ಕಲಾ ಇತಿಹಾಸಕಾರ ವಾಲ್ಟರ್ ಸ್ಪಿಂಕ್ ಅವರು ಇದನ್ನು ಕ್ರಿ.ಶ. 520ರಿಂದ 550ರೊಳಗಿನದೆಂದು ಗುರುತಿಸಿ, ಭಾರತದ ದೊಡ್ಡ ಹಿಂದೂ ಗುಹಾಲಯಗಳಲ್ಲಿ ಮೊದಲನೆಯದೆಂದು ಹೇಳಿದ್ದಾರೆ. ಬಾಗಿಲುಗಳ ಮೇಲಿನ ಶಿಲ್ಪಗಳು ಸವೆದುಹೋಗಿವೆ. ಆದರೂ ಲಕುಲೀಶನನ್ನು ಗುರುತಿಸಬಹುದು. ಶಿವಪಾರ್ವತಿಯರ ಪಗಡೆಯಾಟವನ್ನೂ ಊಹಿಸಬಹುದು. ಪಾಶುಪತ ಶೈವರಿಗಾಗಿ ಕೊರೆದ ಈ ಗುಹೆಯಲ್ಲಿ ಇಂದು ಪೂಜೆಗೊಳ್ಳುತ್ತಿರುವವಳು ಜೋಗೇಶ್ವರಿ ದೇವಿ. ಅವಳ ಪಾದುಕೆಗಳಿಗೆ ಕುಂಕುಮ, ಹೂವು. ಪಕ್ಕದಲ್ಲಿ ಗಣಪತಿ, ಹನುಮಂತ, ದತ್ತಾತ್ರೇಯ. ಮೂಲ ಶಿಲ್ಪಿಗಳ ಕಲ್ಪನೆಯಲ್ಲಿ ಇವರಲ್ಲಿ ಹಲವರು ಇರಲಿಲ್ಲ. ಹಾಗೆಂದು ಇಲ್ಲಿ ಕೃತಿಭಂಗ ನಡೆದಿದೆ ಎಂದು ಯಾರೂ ದೂರುವುದಿಲ್ಲ, ನಾನೂ ದೂರುವುದಿಲ್ಲ.

ಈ ಗುಹೆಗೆ ನಾನು ಹೋದದ್ದು ಒಂದು ಮುಖಭಂಗದ ಮರುದಿನ. ಹೊರನಾಡಿನ ವಿಚಾರ ಸಂಕಿರಣವೊಂದರಲ್ಲಿ ಕಲಾ ಇತಿಹಾಸದ ತರುಣ ಸಂಶೋಧಕರೊಬ್ಬರು, ಹನ್ನೆರಡನೆಯ ಶತಮಾನದ ಏಕಾಂತದ ರಾಮಯ್ಯನನ್ನು ಭಾರತದ ಮೊದಲ 'ಪರ್‌ಫಾರ್ಮೆನ್ಸ್' ಕಲಾವಿದನೆಂದು ಕರೆಯಬೇಕೆಂದು ವಾದಿಸಿದರು. ಅವನು ಅಬ್ಬಲೂರಿನಲ್ಲಿ ಜಿನಬಿಂಬವನ್ನು ಒಡೆದದ್ದನ್ನು 'ಧ್ವಂಸ' ಎನ್ನುವುದು ಆಧುನಿಕ ಪೂರ್ವಗ್ರಹ ಎಂಬುದು ಅವರ ನಿಲುವು. ಸಭೆ ತಲೆದೂಗಿತು. ಮಧ್ಯಕಾಲೀನ ಸಾಹಿತ್ಯವನ್ನು ಮೂವತ್ತು ವರ್ಷ ಓದಿದ್ದೇನೆಂಬ ಹಮ್ಮಿನಿಂದ ಎದ್ದುನಿಂತ ನಾನು 'ಇದು ಸರಿಯಲ್ಲ' ಎಂದೆನೇ ಹೊರತು, ಏಕೆ ಸರಿಯಲ್ಲ ಎಂಬುದನ್ನು ಹೇಳಲಾರದೆ ಕುಳಿತೆ. ಪ್ರಸ್ತುತ ಲೇಖನ ಅಂದು ಹೇಳಲಾಗದೆ ಹೋದುದನ್ನು ಹೇಳುವ ಯತ್ನ.

ಮೊದಲಿಗೆ ಆ ತರುಣರ ಮಾತಿನ ಹಿನ್ನೆಲೆ. 1917ರಲ್ಲಿ ಮಾರ್ಸೆಲ್ ದ್ಯುಶಾಂ ಮೂತ್ರಪಾತ್ರೆಯೊಂದಕ್ಕೆ ಕೃತಕ ಹೆಸರಿನ ಸಹಿ ಹಾಕಿ 'ಕಾರಂಜಿ' ಎಂದು ಕರೆದು ನ್ಯೂಯಾರ್ಕಿನ ಪ್ರದರ್ಶನಕ್ಕೆ ಕಳುಹಿಸಿದಂದಿನಿಂದ, ಕೃತಿ ಇರುವುದು ವಸ್ತುವಿನಲ್ಲಲ್ಲ, ಅದರ ಹಿಂದಿನ ಆಲೋಚನೆಯಲ್ಲಿ ಎಂಬ ಮಾತು ಪಶ್ಚಿಮದಲ್ಲಿ ಬೇರುಬಿಟ್ಟಿತು. ಪರಿಕಲ್ಪನಾ ಕಲೆ ಎಂಬ ಹೆಸರು ಬಂದದ್ದು ಆಮೇಲೆ. ಮೂಲ ಪಾತ್ರೆ ಕಳೆದುಹೋಗಿ, 1964ರಲ್ಲಿ ಅದರ ಪ್ರತಿಗಳು ತಯಾರಾದವು. ಅಂಥ ಒಂದು ಪ್ರತಿಯ ಮೇಲೆ ಪಿಯೆರ್ ಪಿನೊನ್ಸೆಲಿ ಎಂಬಾತ 1993ರಲ್ಲಿ ಫ್ರಾನ್ಸಿನ ನೀಮ್ ನಗರದಲ್ಲಿ ಮೂತ್ರ ಹೊಯ್ದು ಸುತ್ತಿಗೆಯಿಂದ ಹೊಡೆದ. 2006ರಲ್ಲಿ ಪ್ಯಾರಿಸ್ಸಿನ ಪೊಂಪಿಡೂ ಕೇಂದ್ರದಲ್ಲಿ ಮತ್ತೆ ಸುತ್ತಿಗೆ ಎತ್ತಿದ. ತನ್ನದೂ ಕಲೆಯೇ, ದ್ಯುಶಾಂ ಇದ್ದಿದ್ದರೆ ಮೆಚ್ಚುತ್ತಿದ್ದ ಎಂಬುದು ಅವನ ಸಮರ್ಥನೆ. ನ್ಯಾಯಾಲಯಗಳು ಒಪ್ಪಲಿಲ್ಲ. 2019ರಲ್ಲಿ ಮಯಾಮಿಯಲ್ಲಿ ಮೌರಿಝಿಯೊ ಕಟೆಲಾನ್ ಗೋಡೆಗೆ ಅಂಟಿಸಿದ ಬಾಳೆಹಣ್ಣನ್ನು ಡೇವಿಡ್ ಡಟುನಾ ಎಂಬ ಕಲಾವಿದ ಸುಲಿದು ತಿಂದಾಗ ಯಾರೂ ಮೊಕದ್ದಮೆ ಹೂಡಲಿಲ್ಲ; ಇನ್ನೊಂದು ಹಣ್ಣನ್ನು ಅಂಟಿಸಿದರು. ಕೃತಿಯೆಂದರೆ ಅದರ ಪ್ರಮಾಣಪತ್ರವೇ ಹೊರತು ಹಣ್ಣಲ್ಲವೆಂಬುದು ಮಾರಿದವರ ವಿವರಣೆ. ಆಲೋಚನೆಗೆ ಪೆಟ್ಟಾಗದಿದ್ದರೆ ಕೃತಿಗೆ ಪೆಟ್ಟಾಗಲಿಲ್ಲ ಎಂಬ ಈ ತರ್ಕವನ್ನೇ ಸಂಕಿರಣದಲ್ಲಿ ಅಬ್ಬಲೂರಿಗೆ ಹಚ್ಚಲಾಯಿತು.

ಈಗ ಅಬ್ಬಲೂರಿಗೆ ಬರೋಣ. ಹಾವೇರಿ ಜಿಲ್ಲೆಯ ಹಿರೇಕೆರೂರು ತಾಲ್ಲೂಕಿನ ಈ ಊರಿನ ಶಾಸನಗಳನ್ನು ಮುಂಬಯಿ ಪ್ರಾಂತದ ಅಧಿಕಾರಿಯಾಗಿದ್ದ ಜೆ. ಎಫ್. ಫ್ಲೀಟ್ 'ಎಪಿಗ್ರಾಫಿಯಾ ಇಂಡಿಕಾ'ದ ಐದನೆಯ ಸಂಪುಟದಲ್ಲಿ ಪ್ರಕಟಿಸಿದರು. ಅವುಗಳಲ್ಲಿ ಸುಮಾರು 1200ರದೆಂದು ಎಣಿಸಲಾದ, ತೇದಿಯಿಲ್ಲದ ದೀರ್ಘ ಶಾಸನವೊಂದು ರಾಮಯ್ಯನ ಕಥೆಯನ್ನು ಹೇಳುತ್ತದೆ. ಆಳಂದದಲ್ಲಿ ಹುಟ್ಟಿದ ಈ ಶಿವಭಕ್ತ ಪುಲಿಗೆರೆಯ ಸೋಮನಾಥನ ಆಣತಿಯಂತೆ ಅಬ್ಬಲೂರಿಗೆ ಬಂದು ಬ್ರಹ್ಮೇಶ್ವರ ದೇವಾಲಯದಲ್ಲಿ ನೆಲೆಸುತ್ತಾನೆ. ಸಂಕಗಾವುಂಡನ ಮುಂದಾಳುತನದಲ್ಲಿ ಜೈನರು ಅಲ್ಲಿಗೆ ಬಂದು ಜಿನನೇ ದೈವವೆಂದು ವಾದಿಸುತ್ತಾರೆ. ತಲೆಯನ್ನು ಅರಿದು ಶಿವನಿಗೊಪ್ಪಿಸಿ ಮತ್ತೆ ಪಡೆಯುವೆನೆಂದು ರಾಮಯ್ಯ ಪಂಥ ಕಟ್ಟುತ್ತಾನೆ. ಹಾಗಾದಲ್ಲಿ ತಾವೇ ಜಿನನನ್ನು ತೆಗೆದು ಶಿವನನ್ನು ಪ್ರತಿಷ್ಠಿಸುವುದಾಗಿ ಜೈನರು ಒಪ್ಪುತ್ತಾರೆ. ರಾಮಯ್ಯ ಬರಿಯ ಮಾತನ್ನು ನಂಬುವುದಿಲ್ಲ, ಓಲೆ ಬರೆಸಿಕೊಳ್ಳುತ್ತಾನೆ. ತಲೆ ಅರಿದು ಏಳು ದಿನಗಳಾದ ಮೇಲೆ ಅದು ಗಾಯದ ಗುರುತೂ ಇಲ್ಲದೆ ಮರಳುತ್ತದೆ. ಜೈನರು ಮಾತಿಗೆ ತಪ್ಪುತ್ತಾರೆ. ಅವರ ಕಾವಲನ್ನು ಭೇದಿಸಿ ರಾಮಯ್ಯ ಬಿಂಬವನ್ನು ಒಡೆಯುತ್ತಾನೆ. ದೂರು ಬಿಜ್ಜಳನ ಬಳಿಗೆ ಹೋಗುತ್ತದೆ. ಅಲ್ಲಿ ರಾಮಯ್ಯ ಓಲೆಯನ್ನು ತೋರಿಸಿ, ಬೇಕಾದರೆ ಎಲ್ಲ ಬಸದಿಗಳನ್ನು ಪಣವಾಗಿಡಿ, ಮತ್ತೊಮ್ಮೆ ಮಾಡಿ ತೋರಿಸುತ್ತೇನೆ ಎನ್ನುತ್ತಾನೆ. ಜೈನರು ಹಿಂದೆಗೆಯುತ್ತಾರೆ. ಬಿಜ್ಜಳ ಜಯಪತ್ರ ಕೊಡುತ್ತಾನೆ. ವೀರಸೋಮನಾಥ ದೇವಾಲಯಕ್ಕೆ ಗ್ರಾಮವೊಂದನ್ನೂ ಬಿಡುತ್ತಾನೆ.

ತರುಣ ಸಂಶೋಧಕರ ಪಕ್ಷದಲ್ಲಿ ನಿಂತು ನೋಡಿದರೆ ಇಲ್ಲಿ ಪ್ರದರ್ಶನದ ಲಕ್ಷಣಗಳೆಲ್ಲ ಇವೆಯೆಂದು ಒಪ್ಪಲೇಬೇಕು. ನೋಡುವ ಜನರಿದ್ದಾರೆ, ಅವಧಿ ಗೊತ್ತಾಗಿದೆ, ಮೊದಲೇ ಬರೆದ ಕರಾರಿದೆ, ಮರುಪ್ರಯೋಗದ ಸವಾಲೂ ಇದೆ. ಶಾಸನದ ಜತೆಗೆ ದೇವಾಲಯದಲ್ಲಿ ಈ ಘಟನೆಯ ದೃಶ್ಯಗಳನ್ನು ಶಿಲ್ಪದಲ್ಲಿ ಕಂಡರಿಸಿ, ಯಾವುದು ಏನೆಂದು ತಿಳಿಸುವ ಕಿರುಬರಹಗಳನ್ನೂ ಹಾಕಿದ್ದಾರೆ; ಇಂದಿನ ಕಲಾವಿದ ತನ್ನ ಪ್ರದರ್ಶನದ ಛಾಯಾಚಿತ್ರಗಳನ್ನು ಉಳಿಸಿಕೊಳ್ಳುವ ಹಾಗೆ. ತಲೆಯೊಪ್ಪಿಸುವುದು ಆ ಕಾಲದ ಜನಕ್ಕೆ ಅಪರಿಚಿತವೂ ಅಲ್ಲ. ಕರ್ನಾಟಕದ ಹಲವೆಡೆ ದೊರೆತಿರುವ ಸಿಡಿತಲೆಯ ಸ್ಮಾರಕಗಲ್ಲುಗಳು ಇದಕ್ಕೆ ಸಾಕ್ಷಿ. ನೆರೆದವರು ಏನನ್ನು ನೋಡಲಿದ್ದೇವೆಂದು ಅರಿತೇ ನೆರೆದಿರಬೇಕು. ನಮ್ಮ ಭಾಷೆಯಲ್ಲಿ ಇದಕ್ಕೆ ಪದವೂ ಇದೆ: ಪವಾಡ. ಪವಾಡವನ್ನು ನಾವು 'ಮಾಡು'ವುದಕ್ಕಿಂತ 'ಮೆರೆಯು'ತ್ತೇವೆ. ಮರಾಠಿಯಲ್ಲಿ ಇದರ ಕುಲದ್ದೇ ಎಂದು ತೋರುವ 'ಪೋವಾಡಾ' ಶಾಹೀರರು ಡಫ್ ಬಾರಿಸಿ ಹಾಡುವ ವೀರಕಥನಕ್ಕೆ ಹೆಸರಾಗಿದೆ. ಕನ್ನಡದಲ್ಲಿ ಕಾರ್ಯಕ್ಕೂ ಮರಾಠಿಯಲ್ಲಿ ಅದರ ಹಾಡಿಕೆಗೂ ನಿಂತ ಈ ಪದಗಳನ್ನು ಜತೆಯಿಟ್ಟು ಯಾರಾದರೂ ಅಧ್ಯಯನ ಮಾಡಬೇಕು.

ಆದರೆ ಪವಾಡ ಯಾವುದು, ಭಂಗ ಯಾವುದು? ಸಂಕಿರಣದ ವಾದ ಇವೆರಡನ್ನೂ ಒಂದೇ ಎಂದು ಹಿಡಿಯಿತು. ಶಾಸನ ಹಾಗೆ ಹಿಡಿಯುವುದಿಲ್ಲ. ರಾಮಯ್ಯ ತನ್ನ ತಲೆಯನ್ನು ಅರಿದದ್ದು ತನ್ನ ಒಡಲ ಮೇಲಿನ ಅಧಿಕಾರದಿಂದ. ಬಿಂಬ ಒಡೆದದ್ದು ಓಲೆಯ ಅಧಿಕಾರದಿಂದ. ಓಲೆಯಿಲ್ಲದಿದ್ದರೆ ಬಿಜ್ಜಳನ ಮುಂದೆ ಅವನಿಗೆ ಉತ್ತರವಿರಲಿಲ್ಲ. ಅಂದರೆ ಹನ್ನೆರಡನೆಯ ಶತಮಾನದಲ್ಲಿಯೂ ಪವಾಡವೊಂದೇ ಪರರ ಬಿಂಬವನ್ನು ಮುಟ್ಟಲು ಹಕ್ಕು ಕೊಡುತ್ತಿರಲಿಲ್ಲ. ಒಡೆಯರ ಸಮ್ಮತಿ ಬೇಕಾಗಿತ್ತು. ಶಾಸನದ ಕವಿಗೆ ಇದು ಗೊತ್ತಿದ್ದುದರಿಂದಲೇ ಓಲೆಯ ವಿಷಯವನ್ನು ಒತ್ತಿ ಹೇಳಿದ್ದಾನೆ. 1953ರಲ್ಲಿ ಅಮೆರಿಕದ ರಾಬರ್ಟ್ ರೌಶೆನ್‌ಬರ್ಗ್ ಹಿರಿಯ ಕಲಾವಿದ ವಿಲೆಮ್ ಡ ಕೂನಿಂಗನ ಚಿತ್ರವನ್ನು ಉಜ್ಜಿ ಅಳಿಸಿ, ಆ ಖಾಲಿ ಹಾಳೆಯನ್ನೇ ಕೃತಿಯೆಂದು ತೋರಿಸಿದ. ಅವನು ಮಾಡಿದ ಮೊದಲ ಕೆಲಸ ಡ ಕೂನಿಂಗನ ಮನೆಗೆ ಹೋಗಿ ಚಿತ್ರವನ್ನು ಬೇಡಿದ್ದು. ಮನಸ್ಸಿಲ್ಲದ ಮನಸ್ಸಿನಿಂದ ಒಪ್ಪಿದ ಆತ, ಅಳಿಸಲು ಕಷ್ಟವಾಗುವಂಥದನ್ನೇ ಆರಿಸಿ ಕೊಟ್ಟ. ಪಿನೊನ್ಸೆಲಿಯ ಕೈಯಲ್ಲಿ ಅಂಥ ಓಲೆ ಇರಲಿಲ್ಲ.

ಇಲ್ಲಿ ಇತಿಹಾಸಕಾರನ ತೊಡಕು ಇನ್ನೊಂದಿದೆ. ಓಲೆ ಇತ್ತೆಂದು ಹೇಳುವವರು ಗೆದ್ದವರು. ಶಾಸನ ನಿಂತಿರುವುದು ಅವರ ದೇವಾಲಯದಲ್ಲಿ, ಹರಿಹರನ ರಗಳೆ ಅವರ ಪರಂಪರೆಯದು. ತಲೆ ಮರಳಿದ್ದನ್ನು ಚರಿತ್ರೆಯೆಂದು ಒಪ್ಪಲಾಗದವನು ಓಲೆಯನ್ನು ಮಾತ್ರ ಚರಿತ್ರೆಯೆಂದು ಹೇಗೆ ಒಪ್ಪುವುದು? ನಂಬಲರ್ಹವಾಗಿ ಉಳಿಯುವುದು ಇಷ್ಟು: ಬಿಂಬವೊಂದು ಒಡೆಯಿತು, ದೂರು ಅರಸನವರೆಗೆ ಹೋಯಿತು, ತೀರ್ಪು ಒಡೆದವನ ಕಡೆಗಾಯಿತು, ದತ್ತಿ ಬಂತು.

ಸಂಕಿರಣದಲ್ಲಿ ಸ್ಥಾವರ–ಜಂಗಮ ತತ್ತ್ವವನ್ನೂ ಎಳೆದು ತರಲಾಗಿತ್ತು. ಸ್ಥಾವರ ಅಳಿಯತಕ್ಕದ್ದೇ ಆದ್ದರಿಂದ ಅದನ್ನು ಅಳಿಸಿದವನು ತತ್ತ್ವವನ್ನು ಅಭಿನಯಿಸಿದನಷ್ಟೇ ಎಂಬ ವಾದ. ಜಿನಬಿಂಬ ಒಡೆದ ಸ್ಥಳದಲ್ಲಿ ರಾಮಯ್ಯ ಕಟ್ಟಿಸಿದ್ದು ದೊಡ್ಡದೊಂದು ಸ್ಥಾವರವನ್ನೇ ಎಂಬುದನ್ನು ಆ ವಾದ ಮರೆತಿತ್ತು. ಜೈನತತ್ತ್ವದ ಪ್ರಕಾರವೂ ಬಿಂಬವೇ ಜಿನನಲ್ಲ; ಅದು ಸ್ಥಾಪನೆ ಮಾತ್ರ. ಸಿದ್ಧನಾದವನಿಗೆ ಕಲ್ಲು ಒಡೆದರೆ ನೋವಿಲ್ಲ, ಅಭಿಷೇಕ ಮಾಡಿದರೆ ಹಿಗ್ಗಿಲ್ಲ. ಪರಿಕಲ್ಪನಾ ಕಲೆಯ ಪ್ರತಿಪಾದಕರು ಬಯಸುವುದಕ್ಕಿಂತ ಶುದ್ಧವಾದ ಪರಿಕಲ್ಪನೆ ಇದು. ಆದರೂ ಅಬ್ಬಲೂರಿನ ಜೈನರು ಬಿಂಬಕ್ಕೆ ಕಾವಲು ಹಾಕಿದರು. ಆಲೋಚನೆಗೆ ಪೆಟ್ಟಾಗುವುದಿಲ್ಲವೆಂಬುದು ಅವರಿಗೂ ತಿಳಿದಿತ್ತು. ಪೆಟ್ಟಾಗುವುದು ದಿನಬೆಳಗೂ ಅದರ ಮುಂದೆ ನಿಲ್ಲುತ್ತಿದ್ದವರಿಗೆ. ಹೊರಗಿನಿಂದ ಬಂದ ಬಲಶಾಲಿ 'ನಿನ್ನ ತತ್ತ್ವಕ್ಕೇನೂ ಆಗಲಿಲ್ಲ' ಎಂದರೆ ಅದು ಸಾಂತ್ವನವಲ್ಲ.

ಎರಡನೆಯ ಶಾಸನ ಹಳೇಬೀಡಿನದು, 1638ರದು. ಹಳೆಯ 'ಎಪಿಗ್ರಾಫಿಯಾ ಕರ್ನಾಟಿಕಾ'ದಲ್ಲಿ ಬೇಲೂರು 128 ಎಂದು ಸಂಖ್ಯೆ. ನನ್ನ ದೃಷ್ಟಿಯಲ್ಲಿ ಈ ಚರ್ಚೆಗೆ ಇದರಷ್ಟು ತಕ್ಕ ದಾಖಲೆ ಕನ್ನಡದಲ್ಲಿ ಇನ್ನೊಂದಿಲ್ಲ. ದಂಡನಾಯಕ ಗಂಗರಾಜನ ಮಗ ಬೊಪ್ಪ 1133ರಲ್ಲಿ ಕಟ್ಟಿಸಿದ ವಿಜಯಪಾರ್ಶ್ವನಾಥ ಬಸದಿಯ ಕಂಬಗಳ ಮೇಲೆ ಹುಚ್ಚಪ್ಪದೇವ ಎಂಬ ವೀರಶೈವನು ಲಿಂಗಮುದ್ರೆಯನ್ನು ಹಾಕುತ್ತಾನೆ. ವಿಜಯಪ್ಪ ಎಂಬ ಜೈನನು ಅದನ್ನು ಅಳಿಸುತ್ತಾನೆ. ಒಂದು ಗೆರೆಯಷ್ಟು ಚಿಕ್ಕ ಕೆಲಸ. ಬಸದಿ ಉರುಳಲಿಲ್ಲ, ಬಿಂಬ ಮುಕ್ಕಾಗಲಿಲ್ಲ. ಆದರೆ ಆ ಗುರುತು ಇಡೀ ಕಟ್ಟಡದ ಅರ್ಥವನ್ನು ಬದಲಿಸಬಲ್ಲದಾಗಿತ್ತು. ಮೂತ್ರಪಾತ್ರೆಯ ಮೇಲಿನ ಸಹಿಯಂತೆ. ಹಾಗಾದರೆ ಭಂಗ ಮಾಡಿದವನು ಯಾರು? ಇನ್ನೊಬ್ಬರ ಕಂಬಕ್ಕೆ ಗುರುತು ಹಾಕಿದವನೋ, ಇನ್ನೊಬ್ಬರ ಲಿಂಗವನ್ನು ಅಳಿಸಿದವನೋ?

ಬೇಲೂರು ನಾಯಕರ ಆಳ್ವಿಕೆಯ ಕಾಲ ಅದು. ವೀರಶೈವರ ಮಹಾಮಹತ್ತಿನವರೂ ಜೈನ ಮುಖಂಡರೂ ಸೇರಿ ಆಡಿದ ತೀರ್ಮಾನವನ್ನು ಶಾಸನ ದಾಖಲಿಸುತ್ತದೆ. ಅದರಂತೆ ಮೊದಲು ವಿಭೂತಿ–ವೀಳ್ಯಗಳನ್ನು ಸಲ್ಲಿಸಿ, ಅನಂತರ ಜೈನರು ತಮ್ಮ ಪೂಜೆ ಪುನಸ್ಕಾರಗಳನ್ನು ಆಚಂದ್ರಾರ್ಕವಾಗಿ ನಡೆಸಿಕೊಳ್ಳಬಹುದು. ಇದನ್ನು ಕೆಡಿಸುವ ವೀರಶೈವನು ಮಹಾಮಹತ್ತಿಗೆ ಹೊರಗಾದವನು, ಶಿವದ್ರೋಹಿ, ಜಂಗಮದ್ರೋಹಿ. ಶಾಪ ಹಾಕಿದವರು ವೀರಶೈವರು, ಹಾಕಿದ್ದು ತಮ್ಮವರ ಮೇಲೆ. ಹುಚ್ಚಪ್ಪದೇವನದು ತಪ್ಪೋ ವಿಜಯಪ್ಪನದು ತಪ್ಪೋ ಎಂಬ ಪ್ರಶ್ನೆಯನ್ನು ಸಭೆ ಎತ್ತಲೇ ಇಲ್ಲ. ನಾಳೆ ಬೆಳಿಗ್ಗೆ ಅಲ್ಲಿ ಪೂಜೆ ಹೇಗೆ ನಡೆಯಬೇಕೆಂಬುದನ್ನು ಮಾತ್ರ ಗೊತ್ತುಮಾಡಿತು. ಇದನ್ನು ಸಾಮರಸ್ಯದ ಉಜ್ಜ್ವಲ ನಿದರ್ಶನವೆಂದು ಹೊಗಳುವ ವಾಡಿಕೆಯಿದೆ. ನಾನು ಅಷ್ಟು ದೂರ ಹೋಗಲಾರೆ. ತಮ್ಮ ಬಸದಿಯಲ್ಲಿ ತಮ್ಮ ಪೂಜೆಗೆ ಮುನ್ನ ಇನ್ನೊಬ್ಬರ ವಿಭೂತಿ ಸಲ್ಲಬೇಕೆಂಬ ಷರತ್ತಿನಲ್ಲಿ ಬಲಾಬಲದ ಲೆಕ್ಕ ಎದ್ದು ಕಾಣುತ್ತದೆ. ಆದರೂ ಅಬ್ಬಲೂರಿಗೂ ಹಳೇಬೀಡಿಗೂ ನಡುವೆ ಒಂದು ಅಂತರವಿದೆ: ಒಂದು ಕಡೆ ಜಯಪತ್ರ, ಇನ್ನೊಂದು ಕಡೆ ಒಡಂಬಡಿಕೆ.

ಇಂದಿನ ಕಾನೂನಿನಲ್ಲಿ ಈ ಪ್ರಶ್ನೆ ಹಲವು ಹೋಳಾಗಿದೆ. 1958ರ ಪ್ರಾಚೀನ ಸ್ಮಾರಕಗಳ ಅಧಿನಿಯಮ ಸಂರಕ್ಷಿತ ಸ್ಮಾರಕವನ್ನು ಕೆಡಿಸುವುದನ್ನು ಅಪರಾಧವೆನ್ನುತ್ತದೆ. 2010ರ ತಿದ್ದುಪಡಿ ಶಿಕ್ಷೆಯನ್ನು ಎರಡು ವರ್ಷಕ್ಕೂ ದಂಡವನ್ನು ಒಂದು ಲಕ್ಷ ರೂಪಾಯಿಗೂ ಏರಿಸಿತು. ಜೀವಂತ ಕಲಾವಿದನಿಗೆ 1957ರ ಕೃತಿಸ್ವಾಮ್ಯ ಅಧಿನಿಯಮದ 57ನೆಯ ಕಲಮಿದೆ. ದೆಹಲಿಯ ವಿಜ್ಞಾನ ಭವನದ ಗೋಡೆಯಲ್ಲಿದ್ದ ಅಮರನಾಥ ಸೆಹಗಲ್ ಅವರ ಕಂಚಿನ ಭಿತ್ತಿಶಿಲ್ಪವನ್ನು 1979ರಲ್ಲಿ ಸರ್ಕಾರವೇ ಕಿತ್ತು ಉಗ್ರಾಣಕ್ಕೆ ಹಾಕಿತ್ತು. 2005ರಲ್ಲಿ ದೆಹಲಿ ಉಚ್ಚ ನ್ಯಾಯಾಲಯ ಅಳಿದುಳಿದ ಭಾಗಗಳನ್ನು ಶಿಲ್ಪಿಗೆ ಮರಳಿಸಬೇಕೆಂದೂ ಐದು ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದೂ ತೀರ್ಪಿತ್ತಿತು. ಹಣ ಕೊಟ್ಟು ಕೊಂಡವನಿಗೂ ಕೆಡಿಸುವ ಹಕ್ಕಿಲ್ಲವೆಂಬ ಮಾತು ನಮ್ಮಲ್ಲಿ ಸ್ಪಷ್ಟವಾದದ್ದು ಅಲ್ಲಿಂದ. 2015ರಲ್ಲಿ ಬೆಂಗಳೂರಿನ ಸುಲ್ತಾನ್‌ಪಾಳ್ಯದ ರಸ್ತೆಗುಂಡಿಯಲ್ಲಿ ಬಾದಲ್ ನಂಜುಂಡಸ್ವಾಮಿ ಮೊಸಳೆಯ ಪ್ರತಿಕೃತಿಯನ್ನಿಟ್ಟಾಗ ಅದೂ ಸಾರ್ವಜನಿಕ ಸ್ವತ್ತಿನ ಮೇಲಿನ ಹಸ್ತಕ್ಷೇಪವೇ ಆಗಿತ್ತು. ಆದರೆ ಆ ಗುಂಡಿ ಯಾರ ಪೂಜೆಯ ವಸ್ತುವೂ ಆಗಿರಲಿಲ್ಲ, ಅದನ್ನು ಕಳೆದುಕೊಂಡು ಅತ್ತವರೂ ಇಲ್ಲ.

ಜೋಗೇಶ್ವರಿಯ ಗುಹೆಯಲ್ಲಿ ನಿಂತಾಗ ನನಗೆ ಅಬ್ಬಲೂರು ನೆನಪಾದದ್ದು ಬಾಗಿಲ ಮೇಲಿನ ಲಕುಲೀಶನಿಂದ. ರಾಮಯ್ಯ ಬಂದು ನೆಲೆಸಿದ ಬ್ರಹ್ಮೇಶ್ವರ ದೇವಾಲಯ ಕಾಳಾಮುಖರದು. ಲಾಕುಳ ಸಮಯದವರೆಂದು ಶಾಸನಗಳು ಕರೆಯುವ ಈ ಯತಿಗಳ ಮೂಲಪುರುಷ ಇವನೇ. ಇಲ್ಲಿ ಅವನ ಮನೆಗೆ ದೇವಿ ಬಂದು ನೆಲೆಸಿದ್ದಾಳೆ; ಅವನನ್ನು ಯಾರೂ ಒಡೆಯಲಿಲ್ಲ, ಮಳೆ ತೇವಗಳೇ ಸವೆಸಿವೆ. ಅಬ್ಬಲೂರಿನಲ್ಲಿ ಬಂದವನು ಇನ್ನೊಬ್ಬರ ಮನೆಯ ಬಾಗಿಲು ಮುರಿದ. ಮರಳಿ ಬಂದ ಮೇಲೆ ಆ ತರುಣರಿಗೆ ಪತ್ರ ಬರೆದೆ. ರಾಮಯ್ಯನ ತಲೆಯ ಪವಾಡವನ್ನು ಪ್ರದರ್ಶನವೆಂದು ಕರೆಯಲು ನನ್ನ ಅಡ್ಡಿಯಿಲ್ಲ. ಬಿಂಬ ಒಡೆದದ್ದನ್ನು ಅದರ ಕೊನೆಯ ಅಂಕವೆಂದು ಬರೆಯುವ ಮೊದಲು ಸಂಕಗಾವುಂಡನ ಕಡೆಯ ಒಂದಾದರೂ ದಾಖಲೆಯನ್ನು ಹುಡುಕಿ ಎಂದೆ. ಅವರು ಈಗ ಪುಲಿಗೆರೆಯ ಬಸದಿಗಳ ಶಾಸನಗಳನ್ನು ಓದುತ್ತಿದ್ದಾರೆ. ಹಳಗನ್ನಡ ಕಲಿಯಲು ವಾರಕ್ಕೆರಡು ದಿನ ನನಗೆ ದೂರವಾಣಿ ಮಾಡುತ್ತಾರೆ.