ಗರ್ಭಪಾತ ಕಾಯ್ದೆ ತಾಲ್ಲೂಕಿಗೆ ನಡೆದುಬಂದ ದಾರಿ

ಸೊರಬ ತಾಲ್ಲೂಕಿನ ಕ್ಯಾಸನೂರು ಎಂದೊಡನೆ ವಿಜ್ಞಾನದ ವಿದ್ಯಾರ್ಥಿಗಳಿಗೆ ನೆನಪಾಗುವುದು ಮಂಗನ ಕಾಯಿಲೆ. 1957ರಲ್ಲಿ ಅಲ್ಲಿನ ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದಾಗ, ಸುತ್ತಲ ಹಳ್ಳಿಗಳ ಜನ ಜ್ವರದಿಂದ ನರಳಿದಾಗ, ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಬಂದರು. ಸತ್ತ ಮಂಗಗಳ ಲೆಕ್ಕವಿಟ್ಟರು, ಉಣುಗುಗಳನ್ನು ಸಂಗ್ರಹಿಸಿದರು, ವೈರಸ್ಸನ್ನು ಗುರುತಿಸಿ ಆ ಊರಿನ ಹೆಸರನ್ನೇ ಇಟ್ಟರು. ಲೆಕ್ಕಕ್ಕೆ ಸಿಗುವ ಕಾಯಿಲೆಯತ್ತ ವಿಜ್ಞಾನ ಬೇಗ ಹೆಜ್ಜೆ ಹಾಕುತ್ತದೆ.

ಆ ಕಾಲದಲ್ಲಿ ಸೊರಬದಲ್ಲಾಗಲಿ, ಪಕ್ಕದ ಶಿಕಾರಿಪುರದಲ್ಲಾಗಲಿ, ದೇಶದ ಇನ್ನಾವುದೇ ತಾಲ್ಲೂಕಿನಲ್ಲಾಗಲಿ ಲೆಕ್ಕಕ್ಕೆ ಸಿಗದ ಸಾವೊಂದಿತ್ತು. ಬೇಡದ ಬಸಿರನ್ನು ಗುಟ್ಟಾಗಿ ತೆಗೆಸಲು ಹೋಗಿ ಹೆಂಗಸರು ಸಾಯುತ್ತಿದ್ದರು. ‘ಜ್ವರ ಬಂದು ಹೋದಳು’ ಎನ್ನುವುದಲ್ಲದೆ ಮನೆಯವರಿಗೆ ಬೇರೆ ದಾರಿ ಇರಲಿಲ್ಲ. ನಿಜ ಹೇಳಿದರೆ ಅಪರಾಧ ಒಪ್ಪಿಕೊಂಡಂತೆ.

ಅಪರಾಧ ಹೇಗೆ? 1860ರ ಭಾರತೀಯ ದಂಡ ಸಂಹಿತೆಯ 312ನೆಯ ಕಲಂ ನೋಡಿ. ತಾಯಿಯ ಜೀವ ಉಳಿಸುವ ಉದ್ದೇಶವೊಂದನ್ನು ಬಿಟ್ಟು ಬೇರಾವ ಕಾರಣಕ್ಕೆ ಗರ್ಭಪಾತ ಮಾಡಿಸಿದರೂ ಮೂರು ವರ್ಷಗಳವರೆಗೆ ಸೆರೆವಾಸ. ಹೊಟ್ಟೆಯಲ್ಲಿ ಕೂಸಿನ ಚಲನೆ ಶುರುವಾದ ಮೇಲಾದರೆ ಏಳು ವರ್ಷಗಳವರೆಗೆ. ತನ್ನ ಗರ್ಭವನ್ನು ತಾನೇ ತೆಗೆದುಕೊಂಡ ಹೆಂಗಸೂ ಅಪರಾಧಿಯೇ. ಮೈಸೂರು ಸಂಸ್ಥಾನ ಬ್ರಿಟಿಷ್ ಕಮಿಷನರುಗಳ ಆಡಳಿತದಲ್ಲಿದ್ದಾಗ ಈ ಸಂಹಿತೆ ಇಲ್ಲಿಗೂ ಬಂತು. ಶಿಕಾರಿಪುರ, ಸೊರಬಗಳೂ ಅದರ ಅಡಿಯಲ್ಲಿ ಸೇರಿದವು.

ಕಾನೂನು ಹೆದರಿಸಿತೇ ಹೊರತು ಗರ್ಭಪಾತವನ್ನು ನಿಲ್ಲಿಸಲಿಲ್ಲ. ಕರ್ನಾಟಕದ ಹಲವೆಡೆ ಬಳಕೆಯಲ್ಲಿದ್ದುದು ಚಿತ್ರಮೂಲದ ಬೇರು. ಅದರಲ್ಲಿರುವ ಪ್ಲಂಬಾಜಿನ್ ಎಂಬ ರಾಸಾಯನಿಕ ಚರ್ಮವನ್ನೇ ಸುಡಬಲ್ಲದು. ಗರ್ಭಕೋಶದ ಒಳಪದರದ ಗತಿ ಏನಾದೀತೆಂದು ನೀವೇ ಊಹಿಸಬಹುದು. ಉರಿಯೂತ, ರಕ್ತಸ್ರಾವ, ನಂಜು, ಧನುರ್ವಾಯು ಒಂದರ ಹಿಂದೊಂದು ಬರುತ್ತಿದ್ದವು. ಶಿವಮೊಗ್ಗ ಜಿಲ್ಲೆಯವರೇ ಆದ ಯು.ಆರ್. ಅನಂತಮೂರ್ತಿಯವರ ‘ಘಟಶ್ರಾದ್ಧ’ ಕಥೆಯನ್ನು ನೀವು ಓದಿರಬಹುದು. ಗಿರೀಶ್ ಕಾಸರವಳ್ಳಿಯವರು 1977ರಲ್ಲಿ ಅದನ್ನು ಚಲನಚಿತ್ರ ಮಾಡಿದರು. ಬಸಿರಾದ ಎಳೆಯ ವಿಧವೆಗೆ ಬದುಕಿರುವಾಗಲೇ ಶ್ರಾದ್ಧ ಮಾಡಿ ಅಗ್ರಹಾರ ಹೊರಗಟ್ಟುತ್ತದೆ. ಕಥೆ ಕಾಲ್ಪನಿಕ ನಿಜ. ಆದರೆ ಅಂಥ ಹೆಂಗಸಿಗೆ ಸಮಾಜದಿಂದ ಬಹಿಷ್ಕಾರ, ಸರ್ಕಾರದಿಂದ ಸೆರೆಮನೆ ಎಂಬ ಎರಡೇ ಬಾಗಿಲುಗಳಿದ್ದುದು ಕಲ್ಪನೆಯಲ್ಲ.

ವಿಚಿತ್ರವೆಂದರೆ ಇದೇ ಮೈಸೂರು ಸಂಸ್ಥಾನ ಗರ್ಭನಿರೋಧದಲ್ಲಿ ಬಹಳ ಮುಂದಿತ್ತು. 1930ರ ಜೂನ್ 11ರಂದು ಸಂಸ್ಥಾನದ ಪ್ರಮುಖ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಚಿಕಿತ್ಸಾಲಯಗಳನ್ನು ತೆರೆಯಲು ಆದೇಶ ಹೊರಟಿತು. ಸರ್ಕಾರವೊಂದು ತಾನೇ ತೆರೆದ ಇಂಥ ಚಿಕಿತ್ಸಾಲಯಗಳಲ್ಲಿ ಜಗತ್ತಿಗೇ ಇವು ಮೊದಲಿನವು ಎನ್ನುತ್ತಾರೆ. ಬಸಿರಾಗದಂತೆ ತಡೆಯಲು ಸರ್ಕಾರದ ನೆರವು ಸಿಕ್ಕಿತು. ತಡೆ ವಿಫಲವಾದರೆ ಮಾತ್ರ ಮತ್ತೆ 312ನೆಯ ಕಲಂ.

ಶಾ ಸಮಿತಿಯ ಲೆಕ್ಕ

ಎಣಿಸುವ ಕೆಲಸ ಕೊನೆಗೂ ಶುರುವಾದದ್ದು 1964ರಲ್ಲಿ. ಮಹಾರಾಷ್ಟ್ರದ ಆರೋಗ್ಯ ಸಚಿವ ಶಾಂತಿಲಾಲ್ ಶಾ ಅವರ ಅಧ್ಯಕ್ಷತೆಯಲ್ಲಿ ಕೇಂದ್ರ ಸರ್ಕಾರ ನೇಮಿಸಿದ ಸಮಿತಿ 1966ರ ಕೊನೆಗೆ ವರದಿ ಕೊಟ್ಟಿತು. ಐವತ್ತು ಕೋಟಿ ಜನಸಂಖ್ಯೆಯ ದೇಶದಲ್ಲಿ ವರ್ಷಕ್ಕೆ 65 ಲಕ್ಷ ಗರ್ಭಪಾತಗಳು, ಅವುಗಳಲ್ಲಿ 39 ಲಕ್ಷ ಬೇಕೆಂದೇ ಮಾಡಿಸಿಕೊಂಡವು ಎಂಬುದು ಅದರ ಅಂದಾಜು. ಅಂದಾಜು ಎಂಬುದನ್ನು ಮರೆಯಬೇಡಿ. ಗುಟ್ಟಿನ ಕೆಲಸಕ್ಕೆ ರಿಜಿಸ್ಟರ್ ಇರುವುದಿಲ್ಲ. ಆದರೂ ಆ ಅಂಕಿಯ ಎದುರು ‘ನಮ್ಮಲ್ಲಿ ಇದೆಲ್ಲ ಇಲ್ಲ’ ಎನ್ನುವುದು ಕಷ್ಟವಾಯಿತು. ಬ್ರಿಟನ್ ಕೂಡ 1967ರಲ್ಲಿ ತನ್ನ ಕಾನೂನನ್ನು ಸಡಿಲಿಸಿತು.

1971ರ ವೈದ್ಯಕೀಯ ಗರ್ಭಪಾತ ಕಾಯ್ದೆ 1972ರ ಏಪ್ರಿಲ್ 1ರಿಂದ ಜಾರಿಗೆ ಬಂತು. 12 ವಾರಗಳವರೆಗೆ ಒಬ್ಬ ವೈದ್ಯರ, 20 ವಾರಗಳವರೆಗೆ ಇಬ್ಬರ ಅಭಿಪ್ರಾಯ ಬೇಕಿತ್ತು. ತಾಯಿಯ ಜೀವಕ್ಕೆ ಅಪಾಯ, ದೇಹ ಅಥವಾ ಮನಸ್ಸಿನ ಆರೋಗ್ಯಕ್ಕೆ ಗಂಭೀರ ಹಾನಿ, ಭ್ರೂಣದ ತೀವ್ರ ನ್ಯೂನತೆ, ಅತ್ಯಾಚಾರ, ವಿವಾಹಿತೆಗೆ ಗರ್ಭನಿರೋಧಕ ವಿಫಲವಾದದ್ದು: ಇವು ಆಗ ಕಾರಣಗಳಾಗಿದ್ದವು. ಸೂಕ್ಷ್ಮವಾಗಿ ಗಮನಿಸಿದರೆ ಈ ಕಾಯ್ದೆ ಹೆಂಗಸಿಗೆ ಹಕ್ಕು ಕೊಡಲಿಲ್ಲ. ಷರತ್ತು ಪಾಲಿಸಿದ ವೈದ್ಯರನ್ನು ಶಿಕ್ಷೆಯಿಂದ ಪಾರುಮಾಡಿತು. 312ನೆಯ ಕಲಂ ಹಾಗೇ ಉಳಿಯಿತು. 2024ರ ಜುಲೈ 1ರಿಂದ ಅದೇ ಅಪರಾಧ ಭಾರತೀಯ ನ್ಯಾಯ ಸಂಹಿತೆಯ 88ನೆಯ ಕಲಮಿನಲ್ಲಿದೆ.

ಆಸ್ಪತ್ರೆ ಇದ್ದರೆ ಸಾಕೆ?

ಕಾಯ್ದೆಯ ಪ್ರಕಾರ ಸರ್ಕಾರಿ ಆಸ್ಪತ್ರೆಗೆ ಪ್ರತ್ಯೇಕ ಪರವಾನಗಿ ಬೇಕಿಲ್ಲ. ಅಂದರೆ ಕಾಗದದ ಮೇಲೆ ಶಿಕಾರಿಪುರ, ಸೊರಬದ ತಾಲ್ಲೂಕು ಆಸ್ಪತ್ರೆಗಳಂಥವೆಲ್ಲ ಮೊದಲಿನಿಂದಲೂ ಅರ್ಹ ಸ್ಥಳಗಳೇ. ತೊಡಕಿದ್ದದ್ದು ಕೈಗಳಲ್ಲಿ. ಎಲ್ಲ ಎಂ.ಬಿ.ಬಿ.ಎಸ್. ವೈದ್ಯರೂ ಇದನ್ನು ಮಾಡುವಂತಿಲ್ಲ. ಸ್ತ್ರೀರೋಗ ತಜ್ಞರಲ್ಲದವರಿಗೆ ಇರುವ ಒಂದು ದಾರಿ ಎಂದರೆ 25 ಪ್ರಕರಣಗಳಲ್ಲಿ ನೆರವಾಗಿ, ಅವುಗಳಲ್ಲಿ ಕನಿಷ್ಠ ಐದನ್ನು ಸ್ವತಂತ್ರವಾಗಿ ಮಾಡಿರುವುದು. ತರಬೇತಿ ಪಡೆದ ವೈದ್ಯರಿಗೆ ವರ್ಗವಾದರೆ ಸೌಲಭ್ಯವೂ ಅವರ ಜೊತೆಯೇ ಹೊರಟುಹೋಗುತ್ತದೆ. ಆಮೇಲೆ ಉಳಿಯುವುದು ಶಿವಮೊಗ್ಗದ ಬಸ್ಸು. ಶಿಕಾರಿಪುರದಿಂದ ಸುಮಾರು 50 ಕಿಲೋಮೀಟರ್, ಸೊರಬದಿಂದ ಇನ್ನೂ ಹೆಚ್ಚು. ನಾಟಿಯ ಅಥವಾ ಅಡಿಕೆ ಸುಲಿಯುವ ದಿನಗಳಲ್ಲಿ ಎರಡು ದಿನದ ಕೂಲಿ ಬಿಟ್ಟು, ಮನೆಯಲ್ಲೊಂದು ಸುಳ್ಳು ಹೇಳಿ ಹೋಗಬೇಕಾದ ದೂರ ಅದು. ಗಂಡನ ಸಹಿ ಬೇಕೆಂದು ಹಲವು ಕಡೆ ಕೇಳುವುದುಂಟು. ವಯಸ್ಕ ಹೆಂಗಸಿಗೆ ಅವಳದೊಬ್ಬಳದೇ ಒಪ್ಪಿಗೆ ಸಾಕು ಎಂದು 1971ರ ಕಾಯ್ದೆಯೇ ಹೇಳುತ್ತದೆ.

ಇನ್ನೊಂದು ಗೊಂದಲವನ್ನು ಶಿಕ್ಷಕರು ಗಮನಿಸಬೇಕು. ‘ಭ್ರೂಣಲಿಂಗ ಪತ್ತೆ ಅಪರಾಧ’ ಎಂಬ ಫಲಕ ಸ್ಕ್ಯಾನಿಂಗ್ ಕೇಂದ್ರಗಳಲ್ಲೆಲ್ಲ ಇದೆ. ಅದು 1994ರ ಬೇರೆಯೇ ಕಾಯ್ದೆ. ನಿಷೇಧಿಸುವುದು ಲಿಂಗ ಪತ್ತೆಯನ್ನು. ಅದನ್ನು ಓದಿ ಗರ್ಭಪಾತವೇ ಅಪರಾಧವೆಂದು ತಿಳಿದವರು ಬಹಳ.

ತಂತ್ರವೂ ಬದಲಾಗಬೇಕಿತ್ತು. ಗರ್ಭಕೋಶದ ಕೊರಳು ಹಿಗ್ಗಿಸಿ ಲೋಹದ ಸಲಕರಣೆಯಿಂದ ಕೆರೆಯುವ ‘ಡಿ ಅಂಡ್ ಸಿ’ಗೆ ಅರಿವಳಿಕೆ, ಶಸ್ತ್ರಚಿಕಿತ್ಸಾ ಕೊಠಡಿ ಬೇಕು, ಗಾಯದ ಅಪಾಯವೂ ಹೆಚ್ಚು. ಅದರ ಜಾಗಕ್ಕೆ ಬಂದದ್ದು ನಿರ್ವಾತದಿಂದ ಹೀರುವ ವಿಧಾನ. ಬಾಗುವ ಪ್ಲಾಸ್ಟಿಕ್ ನಳಿಗೆ, ದೊಡ್ಡದೊಂದು ಸಿರಿಂಜು ಇದ್ದರಾಯಿತು. ವಿದ್ಯುತ್ ಬೇಡ! ಮಳೆಗಾಲದ ಮಲೆನಾಡಿನಲ್ಲಿ ಇದು ಸಣ್ಣ ಅನುಕೂಲವಲ್ಲ.

ನಂತರದ್ದು ಗುಳಿಗೆ. 1980ರಲ್ಲಿ ಫ್ರಾನ್ಸಿನಲ್ಲಿ ತಯಾರಾದ ಮಿಫೆಪ್ರಿಸ್ಟೋನ್‌ಗೆ ಭಾರತದಲ್ಲಿ 2002ರಲ್ಲಿ ಅನುಮತಿ ಸಿಕ್ಕಿತು. ಗರ್ಭವನ್ನು ಹಿಡಿದು ನಿಲ್ಲಿಸುವ ಹಾರ್ಮೋನು ಪ್ರೊಜೆಸ್ಟರಾನ್. ಅದು ಕೂರಬೇಕಾದ ಗ್ರಾಹಕಗಳಲ್ಲಿ ಈ ಔಷಧ ಹೋಗಿ ಕೂರುತ್ತದೆ, ಒಳಪದರ ಸಡಿಲವಾಗುತ್ತದೆ. ಮೂಲತಃ ಹೊಟ್ಟೆಹುಣ್ಣಿಗೆಂದು ಬಂದ ಮಿಸೊಪ್ರೊಸ್ಟಾಲ್ ಗರ್ಭಕೋಶವನ್ನು ಸಂಕುಚಿಸುತ್ತದೆ. 2015ರಲ್ಲಿ ದೇಶದಲ್ಲಿ ಸುಮಾರು 1 ಕೋಟಿ 56 ಲಕ್ಷ ಗರ್ಭಪಾತಗಳಾದವು, ನಾಲ್ಕರಲ್ಲಿ ಸುಮಾರು ಮೂರು ಆಸ್ಪತ್ರೆಯ ಹೊರಗೆ ಗುಳಿಗೆಯಿಂದಲೇ ಆದವು ಎಂದು ‘ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್’ ಪತ್ರಿಕೆ ಪ್ರಕಟಿಸಿದ ಅಧ್ಯಯನ ಅಂದಾಜಿಸಿತು. ಚಿತ್ರಮೂಲದ ಬೇರಿಗೆ ಹೋಲಿಸಿದರೆ ಅದೆಷ್ಟೋ ಸುರಕ್ಷಿತ. ಆದರೆ ಗರ್ಭ ನಾಳದಲ್ಲಿ ನಿಂತಿದ್ದರೆ ಗುಳಿಗೆ ಕೆಲಸ ಮಾಡದು, ಪ್ರಾಣಕ್ಕೇ ಅಪಾಯ. ಅದನ್ನು ಗುರುತಿಸಲು ವೈದ್ಯರೇ ಬೇಕು.

ಆಸ್ಪತ್ರೆ ಇದ್ದೂ ಕಾನೂನು ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಕನ್ನಡ ನಾಡಿನದೇ ಒಂದು ಹೆಸರಿದೆ. ಬೆಳಗಾವಿಯಲ್ಲಿ ಬೆಳೆದ ದಂತವೈದ್ಯೆ ಸವಿತಾ ಹಾಲಪ್ಪನವರ 2012ರ ಅಕ್ಟೋಬರ್‌ನಲ್ಲಿ 17 ವಾರಗಳ ಗರ್ಭಿಣಿಯಾಗಿ ಐರ್ಲೆಂಡಿನ ಗಾಲ್ವೇ ಆಸ್ಪತ್ರೆ ಸೇರಿದರು. ಗರ್ಭ ಉಳಿಯದೆಂದು ಗೊತ್ತಾಗಿತ್ತು. ಭ್ರೂಣದ ಹೃದಯ ಬಡಿಯುತ್ತಿದೆ ಎಂಬ ಕಾರಣಕ್ಕೆ ಗರ್ಭಪಾತ ನಿರಾಕರಿಸಲಾಯಿತು. ಅಕ್ಟೋಬರ್ 28ರಂದು ನಂಜೇರಿ ತೀರಿಕೊಂಡರು. ಆಗ ಅವರಿಗೆ 31 ವರ್ಷ. 2018ರ ಮೇ 25ರಂದು ಐರಿಷ್ ಮತದಾರರಲ್ಲಿ ಶೇಕಡ 66ರಷ್ಟು ಜನ ಸಂವಿಧಾನದ ಆ ನಿಷೇಧವನ್ನು ತೆಗೆಯಲು ಒಪ್ಪಿದರು. ಅದೇ 17 ವಾರಗಳ ಗರ್ಭಿಣಿಗೆ ನಮ್ಮ ಕಾಯ್ದೆಯಡಿ 2012ರಲ್ಲೂ ಇಬ್ಬರು ವೈದ್ಯರ ಅಭಿಪ್ರಾಯ ಸಾಕಿತ್ತು.

2021ರಲ್ಲಿ ನಮ್ಮ ಕಾಯ್ದೆಗೆ ದೊಡ್ಡ ತಿದ್ದುಪಡಿಯಾಯಿತು. 20 ವಾರಗಳವರೆಗೆ ಒಬ್ಬ ವೈದ್ಯರು ಸಾಕು; ಅತ್ಯಾಚಾರಕ್ಕೊಳಗಾದವರು, ಅಪ್ರಾಪ್ತರು ಮೊದಲಾದ ಕೆಲವರಿಗೆ 24 ವಾರಗಳವರೆಗೆ ಅವಕಾಶ. ‘ವಿವಾಹಿತೆ ಅಥವಾ ಅವಳ ಗಂಡ’ ಎಂದಿದ್ದ ಕಡೆ ‘ಯಾವುದೇ ಮಹಿಳೆ ಅಥವಾ ಅವಳ ಸಂಗಾತಿ’ ಎಂದಾಯಿತು. ಘಟಶ್ರಾದ್ಧದ ವಿಧವೆಯಂಥವರು ಆ ಕಾರಣದಡಿ ಕಾಯ್ದೆಯ ಮಾತಿನೊಳಗೆ ಬಂದದ್ದು ಹೀಗೆ, 50 ವರ್ಷ ತಡವಾಗಿ. 20ರಿಂದ 24 ವಾರಗಳ ಅವಕಾಶವನ್ನು ಅವಿವಾಹಿತೆಯರಿಗೆ ನಿರಾಕರಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2022ರ ಸೆಪ್ಟೆಂಬರ್ 29ರಂದು ಹೇಳಿತು.

ತರಗತಿಯಲ್ಲಿ ಸಂತಾನೋತ್ಪತ್ತಿಯ ಪಾಠ ಮಾಡುವಾಗ ಒಂದು ಲೆಕ್ಕವನ್ನು ಕರಿಹಲಗೆಯ ಮೇಲೆ ಬರೆಯಿರಿ. ಗರ್ಭದ ವಾರಗಳನ್ನು ಎಣಿಸುವುದು ಗರ್ಭ ಕಟ್ಟಿದ ದಿನದಿಂದಲ್ಲ, ಕೊನೆಯ ಮುಟ್ಟಿನ ಮೊದಲ ದಿನದಿಂದ. ಮುಟ್ಟು ತಪ್ಪಿತೆಂದು ತಿಳಿಯುವ ಹೊತ್ತಿಗೇ ನಾಲ್ಕು ವಾರ ಮುಗಿದಿರುತ್ತದೆ. ಗುಳಿಗೆಗೆ 2021ರ ನಿಯಮಗಳು ಹೇಳುವ ಮಿತಿ ಒಂಬತ್ತು ವಾರ. ಕೈಯಲ್ಲಿ ಉಳಿಯುವುದು ಐದು ವಾರ. ಆಶಾ ಕಾರ್ಯಕರ್ತೆಯ ಬಳಿ ಮೂತ್ರಪರೀಕ್ಷೆಯ ಕಿಟ್ ಇದೆಯೇ, ತಾಲ್ಲೂಕು ಆಸ್ಪತ್ರೆಯಲ್ಲಿ ತರಬೇತಾದ ವೈದ್ಯರು ಯಾವ ವಾರ ಇರುತ್ತಾರೆ, ಶಿವಮೊಗ್ಗದ ಬಸ್ಸಿಗೆ ದುಡ್ಡೆಲ್ಲಿಂದ, ಇಷ್ಟೂ ಆ ಐದು ವಾರಗಳಲ್ಲೇ ತೀರ್ಮಾನವಾಗಬೇಕು.